ನೀವು ಉಳಿಸಿದ ಕೊಡ ನೀರು ಹೊಳೆಗೆ ಹೋಗಲ್ಲ, ಕೊನೇ ಮನೆಗೆ ಹೋಗುತ್ತೆ

ಮೊದಲು ಒಂದು ಲೆಕ್ಕ ಮುಗಿಸಿಬಿಡೋಣ. ಇದನ್ನು ಬಿಟ್ಟು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ನೀರು ಉಳಿಸಿ ಅಂತ ಹೇಳೋದು ಅಪ್ರಾಮಾಣಿಕತೆ ಆಗುತ್ತೆ.

ಕಬ್ಬು ಬೆಳೆದು ಕಟಾವಿಗೆ ಬರುವಷ್ಟರಲ್ಲಿ ಹೊಲಕ್ಕೆ ಸುಮಾರು 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ನಡುವಿನ 2,000 ಹಿಡಿಯಿರಿ. ಒಂದು ಎಕರೆ ಅಂದ್ರೆ 4,047 ಚದರ ಮೀಟರ್. ಗುಣಿಸಿದರೆ ಎಕರೆಗೆ 80 ಲಕ್ಷ ಲೀಟರ್. ಅದರಲ್ಲಿ ಒಂದು ಪಾಲು ಮಳೆ, ಉಳಿದದ್ದು ಹೊಳೆ, ಕಾಲುವೆ ಅಥವಾ ಬೋರ್‌ವೆಲ್. ಇನ್ನು ಮನೆಗೆ ಬನ್ನಿ. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್, ವರ್ಷಕ್ಕೆ ಒಂದು ಲಕ್ಷ. ಅಂದ್ರೆ ಒಂದು ಎಕರೆ ಕಬ್ಬು ಕುಡಿಯುವ ನೀರಲ್ಲಿ 80 ಮನೆಗಳು ವರ್ಷವಿಡೀ ಬದುಕಬಹುದು. ಎರಡು ಸಾವಿರ ಮನೆಯ ಒಂದು ಊರಿಗೆ ವರ್ಷಕ್ಕೆ ಬೇಕಾಗುವ ಅಷ್ಟೂ ನೀರು ಬರೀ 25 ಎಕರೆ ಕಬ್ಬಿಗೆ ಸಮ. ಆ ಊರಿನ ಪ್ರತಿ ಮನೆಯೂ ಶೇ. 20ರಷ್ಟು ನೀರು ಉಳಿಸಿತು ಅಂತಿಟ್ಟುಕೊಳ್ಳಿ. ಉಳಿದದ್ದೆಲ್ಲ ಸೇರಿ ಐದು ಎಕರೆ ಕಬ್ಬಿನ ನೀರು.

ಹಾಗಾಗಿ ಹಲ್ಲುಜ್ಜುವಾಗ ನಳ ಬಂದ್ ಮಾಡಿ ಕೃಷ್ಣೆಯನ್ನು ಉಳಿಸಿ ಅನ್ನುವ ಪೋಸ್ಟರ್ ನೋಡಿದಾಗ ನನಗೆ ಸಿಟ್ಟು ಬರುತ್ತೆ. ಅದು ಸುಳ್ಳು. ಹಾಗಂತ ಮನೆಯಲ್ಲಿ ನೀರು ಉಳಿಸೋದು ವ್ಯರ್ಥ ಅನ್ನುವ ತೀರ್ಮಾನವೂ ಅಷ್ಟೇ ಸುಳ್ಳು. ಈ ಎರಡನೆಯ ಸುಳ್ಳನ್ನು ನಮ್ಮ ಕಡೆಯವರೇ, ಅಂದ್ರೆ ರಾಜಕೀಯ ಪ್ರಜ್ಞೆ ಇರುವವರೇ, ಹೆಚ್ಚು ಹೇಳ್ತಾರೆ. ‘ವ್ಯವಸ್ಥೆ ಬದಲಾಗಬೇಕು, ಬಕೆಟ್ ಅಲ್ಲ’ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದರೆ ಊರಿನ ಪೈಪ್‌ಲೈನ್ ಕೂಡ ಒಂದು ವ್ಯವಸ್ಥೆಯೇ. ಅದರಲ್ಲಿ ನಿಮ್ಮ ಬಕೆಟ್ಟಿಗೆ ನೇರ ಪಾತ್ರ ಇದೆ.

ಮಳೆಗಾಲಕ್ಕೆ ಸೇತುವೆ ಮುಳುಗುವ ಊರು

ಅಕ್ಕೋಳದ ಹೆಸರು ಸುದ್ದಿಯಲ್ಲಿ ಬರೋದು ಹೆಚ್ಚಾಗಿ ಜುಲೈ ತಿಂಗಳಲ್ಲಿ. ಅಕ್ಕೋಳ–ಸಿದ್ನಾಳ ಸೇತುವೆ ಮುಳುಗಿತು, ಜತ್ರಾಟ–ಭಿವಶಿ ಮುಳುಗಿತು, ಭೋಜ–ಕಾರದಗಾ ಮುಳುಗಿತು, ಸಂಪರ್ಕ ಕಡಿತ. ಪ್ರತಿ ವರ್ಷ ಅದೇ ಸೇತುವೆಗಳ ಪಟ್ಟಿ, ತಾರೀಖು ಮಾತ್ರ ಬೇರೆ. ವೇದಗಂಗೆ ಸಹ್ಯಾದ್ರಿಯಿಂದ ಇಳಿದು, ಕೊಲ್ಹಾಪುರ ಜಿಲ್ಲೆ ದಾಟಿ ಇಲ್ಲಿಗೆ ಬರ್ತಾಳೆ. ಮುಂದೆ ದೂಧಗಂಗೆಯನ್ನು ಸೇರಿ, ಕಲ್ಲೋಳ–ಯಡೂರು ಬಳಿ ಕೃಷ್ಣೆಯೊಳಗೆ ಹೋಗ್ತಾಳೆ. 2021ರ ಜುಲೈನಲ್ಲಿ ಯಮಗರ್ಣಿ ಹತ್ತಿರ ಇದೇ ವೇದಗಂಗೆ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಹರಿದಿದ್ದಳು.

ಮೇ ತಿಂಗಳಲ್ಲಿ ಬಂದರೆ ಇದೇ ಜಿಲ್ಲೆಯ ಬೇರೆಯದೇ ಮುಖ. ಹೊಳೆಯಲ್ಲಿ ಬಂಡೆ, ಬ್ಯಾರೇಜುಗಳ ಹಿಂದೆ ಪಾಚಿಗಟ್ಟಿದ ನೀರು. ಆಮೇಲೆ ಬೆಂಗಳೂರಿನಿಂದ ಮುಂಬೈಗೆ ಪತ್ರ. 2016ರಲ್ಲಿ, 2019ರಲ್ಲಿ ಇದೇ ಆಯಿತು. 2023ರ ಮೇ ಕೊನೆಯಲ್ಲಿ ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಮಹಾರಾಷ್ಟ್ರದ ಮುಖ್ಯಮಂತ್ರಿಗೆ ಪತ್ರ ಬರೆದು, ವಾರಣಾ ಅಥವಾ ಕೊಯ್ನಾದಿಂದ ಕೃಷ್ಣೆಗೆ 2 ಟಿಎಂಸಿ, ಉಜನಿಯಿಂದ ಭೀಮೆಗೆ 3 ಟಿಎಂಸಿ ಬಿಡಿ ಅಂತ ಕೇಳಿದರು. ಒಂದು ಟಿಎಂಸಿ ಅಂದ್ರೆ 2,831 ಕೋಟಿ ಲೀಟರ್. ನಮ್ಮ ಎರಡು ಸಾವಿರ ಮನೆಯ ಊರಿಗೆ ವರ್ಷಕ್ಕೆ ಬೇಕಾಗೋದು 20 ಕೋಟಿ. ಅಂಥ 140 ಊರುಗಳ ವರ್ಷದ ಮನೆಬಳಕೆಗೆ ಒಂದೇ ಟಿಎಂಸಿ ಸಾಕು.

ಇದು ಏನನ್ನು ಹೇಳುತ್ತೆ? ಕುಡಿಯೋಕೆ ಬೇಕಾದ ನೀರಿನ ಪ್ರಮಾಣ ದೊಡ್ಡದಲ್ಲ. ಕಷ್ಟ ಇರೋದು ಅದನ್ನು ಬೇಸಿಗೆಯವರೆಗೆ ಹಿಡಿದಿಡೋದರಲ್ಲಿ, ಮತ್ತು ಎಲ್ಲ ಮನೆಗೂ ಸಮನಾಗಿ ಮುಟ್ಟಿಸೋದರಲ್ಲಿ. ಈ ಎರಡರಲ್ಲೂ ಮನೆಯ ಪಾತ್ರ ಇದೆ.

ಪೈಪಿನೊಳಗಿನ ರಾಜಕೀಯ

ನಮ್ಮ ಸೀಮೆಯಲ್ಲಿ ನೀರು ಬಹುವಚನ. ‘ನೀರು ಬಂತು’ ಅನ್ನಲ್ಲ, ‘ನೀರ ಬಂದಾವ್ರಿ’ ಅಂತಾರೆ. ಆ ಕೂಗು ಕೇಳಿದ ತಕ್ಷಣ ಓಣಿಯ ಎಲ್ಲ ನಳಗಳೂ ಒಟ್ಟಿಗೆ ತೆರೆದುಕೊಳ್ತವೆ. ಅಲ್ಲಿಂದ ಏನಾಗುತ್ತೆ ಅನ್ನೋದು ಎಂಜಿನಿಯರಿಂಗ್ ಕಾಲೇಜಲ್ಲಿ ಒಂದು ಸೂತ್ರವಾಗಿ ಕಲಿಸಿದ್ದರು: ಪೈಪಿನಲ್ಲಿ ಘರ್ಷಣೆಯಿಂದ ಕಳೆದುಹೋಗುವ ಒತ್ತಡ ಹರಿವಿನ ಜೊತೆ ನೇರವಾಗಿ ಏರಲ್ಲ, ಹರಿವಿನ ಸುಮಾರು 1.85ನೇ ಘಾತಕ್ಕೆ ಏರುತ್ತೆ. ಹರಿವು ದುಪ್ಪಟ್ಟಾದರೆ ಒತ್ತಡದ ನಷ್ಟ ಮೂರೂವರೆ ಪಟ್ಟು ಹೆಚ್ಚು.

ಊರಿನ ಟಾಕಿಯ ನೀರಿನ ಮಟ್ಟ ನೆಲದಿಂದ 12 ಮೀಟರ್ ಎತ್ತರ ಇದೆ ಅಂತಿಟ್ಟುಕೊಳ್ಳಿ. ಎಲ್ಲರೂ ನಳ ಪೂರ್ತಿ ತಿರುಗಿಸಿದಾಗ ಕೊನೇ ಮನೆ ಮುಟ್ಟುವಷ್ಟರಲ್ಲಿ 10 ಮೀಟರ್ ಒತ್ತಡ ಪೈಪಿನಲ್ಲೇ ಸತ್ತುಹೋಗುತ್ತೆ. ಉಳಿದದ್ದು 2 ಮೀಟರ್. ನಳದಿಂದ ದಾರದಂಥ ನೀರು. ಈಗ ಮೇಲಿನ ಮನೆಗಳೆಲ್ಲ ಸೇರಿ ಹರಿವನ್ನು ಶೇ. 20ರಷ್ಟು ಮಾತ್ರ ಕಡಿಮೆ ಮಾಡಿದವು ಅನ್ನಿ. ನಷ್ಟ 10ರಿಂದ 6.6 ಮೀಟರಿಗೆ ಇಳಿಯುತ್ತೆ. ಕೊನೇ ಮನೆಗೆ 5.4 ಮೀಟರ್ ಒತ್ತಡ ಸಿಗುತ್ತೆ, ಮೊದಲಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು. ನೀವು ಐದರಲ್ಲಿ ಒಂದು ಪಾಲು ಬಿಟ್ಟುಕೊಟ್ಟಿರಿ, ಅಲ್ಲಿ ಕೊಡ ತುಂಬಿತು. ಹೊಳೆಯ ಲೆಕ್ಕದಲ್ಲಿ ಕಾಣದ ಉಳಿತಾಯ ಪೈಪಿನ ಲೆಕ್ಕದಲ್ಲಿ ಹೀಗೆ ಕಾಣುತ್ತೆ.

ಆ ಕೊನೇ ಮನೆ ಯಾರದು? ನಿಮ್ಮ ಊರಿನ ನಕ್ಷೆ ಕಣ್ಮುಂದೆ ತಂದುಕೊಳ್ಳಿ. ಟಾಕಿ ಎಲ್ಲಿದೆ, ಕೇರಿ ಎಲ್ಲಿದೆ, ಆಶ್ರಯ ಮನೆಗಳು ಎಲ್ಲಿವೆ, ನೆರೆಯಲ್ಲಿ ಮನೆ ಕಳಕೊಂಡವರಿಗೆ ಕೊಟ್ಟ ಜಾಗ ಎಲ್ಲಿದೆ. ಪೈಪಿನ ಕೊನೆ ಮತ್ತು ಊರಿನ ಸಾಮಾಜಿಕ ಅಂಚು ಬಹಳ ಕಡೆ ಒಂದೇ. ಅಂಬೇಡ್ಕರ್ 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದು ನಮಗೆಲ್ಲ ಗೊತ್ತು. ಅದಕ್ಕೂ ಎರಡು ವರ್ಷ ಮೊದಲು, 1925ರ ಏಪ್ರಿಲಿನಲ್ಲಿ, ಅವರು ಸಮ್ಮೇಳನಕ್ಕಾಗಿ ನಿಪ್ಪಾಣಿಗೆ ಬಂದಿದ್ದರು. ಇವತ್ತು ಕೆರೆಗೆ ಇಳಿಯಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಮೇಲಿನ ಮನೆಯವರು ಮೋಟಾರ್ ಹಚ್ಚಿದರೆ ಸಾಕು.

ಹೌದು, ಮೋಟಾರ್. ಮನೆಯೊಳಗೆ ಮಾಡಬಹುದಾದ ಕೆಲಸಗಳಲ್ಲಿ ನಾನು ಮೊದಲ ಸ್ಥಾನ ಕೊಡೋದು ಇದಕ್ಕೆ: ಸಾರ್ವಜನಿಕ ಪೈಪಿಗೆ ನೇರ ಹಚ್ಚಿದ ಅರ್ಧ ಹೆಚ್‌ಪಿ ಮೋಟಾರನ್ನು ಬಿಚ್ಚಿ. ಅದು ನೀರನ್ನು ಕಾಯಲ್ಲ, ಎಳೆಯುತ್ತೆ. ಎಳೆದಾಗ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೆ ಇಳಿಯಬಹುದು. ಆಗ ಪೈಪಿನ ಬಿರುಕಿನಿಂದ ನೀರು ಹೊರಗೆ ಸೋರೋ ಬದಲು ಹೊರಗಿನ ಗಟಾರದ ನೀರು ಒಳಗೆ ಬರುತ್ತೆ. ಅದನ್ನು ಮೊದಲು ಕುಡಿಯೋರಲ್ಲಿ ಮೋಟಾರಿನ ಯಜಮಾನರೂ ಇರ್ತಾರೆ. ಒಬ್ಬರು ಹಚ್ಚಿದರೆ ಪಕ್ಕದವರೂ ಹಚ್ಚಲೇಬೇಕಾಗುತ್ತೆ, ಅದಕ್ಕೇ ಇದು ಒಬ್ಬೊಬ್ಬರಾಗಿ ನಿಲ್ಲಲ್ಲ, ಓಣಿಯಾಗಿ ಕೂತು ನಿಲ್ಲಿಸಬೇಕು. ನೀರು ಮೇಲೆ ಏರಿಸಲೇಬೇಕು ಅಂದ್ರೆ ನೆಲಮಟ್ಟದಲ್ಲಿ ಒಂದು ಸಂಪ್, ಅದಕ್ಕೊಂದು ಬಾಲ್‌ಕಾಕ್. ಪೈಪಿನ ನೀರು ತನ್ನ ಪಾಡಿಗೆ ಸಂಪಿಗೆ ಬೀಳಲಿ, ಮೋಟಾರು ಸಂಪಿನಿಂದ ಎತ್ತಲಿ.

ನಿನ್ನಿ ನೀರು ಚೆಲ್ಲೋದು

ಎರಡನೆಯದು ಯಾವ ಕೈಪಿಡಿಯಲ್ಲೂ ಬರಲ್ಲ, ಆದರೆ ನಮ್ಮ ಭಾಗದ ಪ್ರತಿ ಮನೆಯಲ್ಲೂ ನಡೆಯುತ್ತೆ. ನೀರು ಮೂರು ದಿನಕ್ಕೊಮ್ಮೆ ಬರುವ ಕಡೆ ಎಲ್ಲ ಬ್ಯಾರಲ್, ಕೊಡ, ಹಂಡೆ ತುಂಬಿಡ್ತಾರೆ. ಮತ್ತೆ ನೀರು ಬಂದಾಗ ಉಳಿದ ಹಳೇ ನೀರನ್ನು ಅಂಗಳಕ್ಕೆ ಚೆಲ್ಲಿ ತಾಜಾ ತುಂಬ್ತಾರೆ. ಇದನ್ನು ದುಂದು ಅನ್ನೋಕೆ ನನಗೆ ಮನಸ್ಸಿಲ್ಲ. ಮುಂದಿನ ಸಲ ಯಾವಾಗ ಬರುತ್ತೋ ಗೊತ್ತಿಲ್ಲದವರು ಅಗತ್ಯಕ್ಕಿಂತ ಹೆಚ್ಚು ತುಂಬಿಡೋದು ಭಯದಿಂದ. ಎರಡು ದಿನದ ಹಿಂದಿನ ನೀರನ್ನು ನಂಬದೇ ಇರೋದಕ್ಕೂ ಕಾರಣ ಇದೆ.

ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನಲ್ಲಿ 24 ಗಂಟೆಯ ನೀರು ಶುರುವಾಯಿತು. ಅದರ ಖಾಸಗೀಕರಣದ ಮಗ್ಗುಲಿನ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ, ಮುಗಿಯಲೂಬಾರದು. ಆದರೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ–ಧಾರವಾಡದಲ್ಲಿ ಎರಡೂ ಬಗೆಯ ವಾರ್ಡುಗಳ ನೀರು ಪರೀಕ್ಷಿಸಿದಾಗ, ಬಿಟ್ಟುಬಿಟ್ಟು ಬರುವ ನೀರಿನಲ್ಲಿ ಕಲ್ಮಷದ ಬ್ಯಾಕ್ಟೀರಿಯಾ ಬಹಳ ಹೆಚ್ಚು ಸಲ ಕಂಡವು. ಪೈಪು ಖಾಲಿ ಇದ್ದಾಗ ಹೊರಗಿನ ಕೊಳೆ ಒಳಗೆ ಬರುತ್ತೆ, ನೀರು ಬಿಟ್ಟ ಮೊದಲ ಕೆಲವು ನಿಮಿಷ ಅದು ನಮ್ಮ ಕೊಡಕ್ಕೆ ಬೀಳುತ್ತೆ.

ಹಾಗಾಗಿ ಪರಿಹಾರ ಸರಳ, ಸ್ವಲ್ಪ ಶಿಸ್ತು ಬೇಕು. ನೀರು ಬಿಟ್ಟಾಗಿನ ಮೊದಲ ನೀರು ಶೌಚಕ್ಕೆ, ನೆಲ ಒರೆಸೋಕೆ. ಆಮೇಲಿನದು ಕುಡಿಯೋಕೆ. ಕುಡಿಯುವ ನೀರಿನ ಪಾತ್ರೆ ಬೇರೆ, ಬಾಯಿ ಸಣ್ಣದು, ಮುಚ್ಚಳ ಬಿಗಿ, ಒಳಗೆ ಕೈ ಅದ್ದದಂತೆ ಕೆಳಗೊಂದು ನಳ ಇದ್ದರೆ ಇನ್ನೂ ಒಳ್ಳೇದು. ಉಳಿದ ಹಳೇ ನೀರನ್ನು ಚೆಲ್ಲದೆ ಬಟ್ಟೆ ನೆನೆಸೋ ಬ್ಯಾರಲ್ಲಿಗೆ ಹಾಕಿ. ವಾರಕ್ಕೊಮ್ಮೆ ಬ್ಯಾರಲ್ ಪೂರ್ತಿ ಖಾಲಿ ಮಾಡಿ ಒಳಗೋಡೆ ತಿಕ್ಕಿ ತೊಳೆಯಲೇಬೇಕು, ಯಾಕಂದ್ರೆ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರೋಕೆ ಹೆಚ್ಚುಕಡಿಮೆ ಏಳರಿಂದ ಹತ್ತು ದಿನ ಸಾಕು. ತೊಳೆಯುವ ದಿನವನ್ನು ನೀರು ಬರುವ ಹಿಂದಿನ ದಿನಕ್ಕೆ ಇಟ್ಟುಕೊಂಡರೆ ಚೆಲ್ಲೋ ನೀರೇ ಇರಲ್ಲ.

ಆರ್‌ಒ ಬಗ್ಗೆ ಒಂದು ಮಾತು. ಮನೆಯ ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ಮಾಡೋಕೆ ಸಾಮಾನ್ಯವಾಗಿ ಎರಡು–ಮೂರು ಲೀಟರ್ ಹೊರಗೆ ಬಿಡುತ್ತೆ. ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಮ್‌ಗಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. ನಿಮ್ಮದು ಸಿಹಿಯಾದ ಹೊಳೆ ನೀರಾದರೆ ಕಾಯಿಸೋದು ಅಥವಾ ಕ್ಲೋರಿನ್ ಸಾಕು. ಅಥಣಿ ಪೂರ್ವದ ಸವುಳು ಬೋರ್ ನೀರಾದರೆ ಮಾತು ಬೇರೆ. ಅಲ್ಲಿ ಆರ್‌ಒ ಬೇಕು, ಹೊರಬಿಟ್ಟ ನೀರು ಶೌಚಕ್ಕೆ ಹೋಗಲಿ. ಅದನ್ನು ಗಿಡಕ್ಕೆ ಮಾತ್ರ ಹಾಕಬೇಡಿ, ಉಪ್ಪು ಹೆಚ್ಚಿರುತ್ತೆ.

ಲೀಟರುಗಳು ಎಲ್ಲಿ ಹೋಗ್ತವೆ

2024ರ ಮಾರ್ಚಿನಲ್ಲಿ ಬೆಂಗಳೂರು ಬಾಯಾರಿದಾಗ ಜಲಮಂಡಳಿ ಮಾಲ್, ಹೋಟೆಲುಗಳ ನಳಕ್ಕೆ ಏರೇಟರ್ ಕಡ್ಡಾಯ ಮಾಡಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತು. ಆ ಉಪದೇಶಗಳನ್ನೇ ವಾಟ್ಸಾಪಿನಲ್ಲಿ ಎಲ್ಲ ಊರಿಗೂ ಹಂಚಿದರು. ಏರೇಟರ್ ಒತ್ತಡ ಚೆನ್ನಾಗಿರುವ ಅಪಾರ್ಟ್‌ಮೆಂಟಿಗೆ ಸರಿ. ಮಾಳಿಗೆ ಮೇಲೆ ಮೂರು ಮೀಟರ್ ಎತ್ತರದಲ್ಲಿ ಸಿಂಟೆಕ್ಸ್ ಇಟ್ಟ ಮನೆಯಲ್ಲಿ ಅದನ್ನು ಹಾಕಿದರೆ ನೀರು ತೊಟ್ಟಿಕ್ಕುತ್ತೆ, ಎರಡನೇ ದಿನ ಮನೆಯವರು ಕಿತ್ತೆಸೀತಾರೆ. ನಮ್ಮ ಕಡೆ ನೀರು ಹೋಗುವ ಜಾಗಗಳು ಬೇರೆ.

ದೊಡ್ಡದು, ಟಾಕಿ ತುಂಬಿ ಹರಿಯೋದು. ಮೋಟಾರು ನಿಮಿಷಕ್ಕೆ 30 ಲೀಟರ್ ಎತ್ತುತ್ತೆ ಅಂತಿಟ್ಟುಕೊಂಡರೂ, ಸೀರಿಯಲ್ ನೋಡ್ತಾ 20 ನಿಮಿಷ ಮರೆತರೆ 600 ಲೀಟರ್ ಗಟಾರಕ್ಕೆ. ಐದು ಜನರ ಎರಡು ದಿನದ ಪಾಲಿಗಿಂತ ಹೆಚ್ಚು. ಹಲ್ಲುಜ್ಜುವಾಗಿನ ಉಳಿತಾಯದಿಂದ ಇದನ್ನು ತುಂಬಿಸೋಕೆ ದಿನಗಟ್ಟಲೆ ಬೇಕು. ಟಾಕಿಯೊಳಗೆ ಒಂದು ಫ್ಲೋಟ್ ಸ್ವಿಚ್ ಹಾಕಿಸಿದರೆ ತುಂಬಿದ ಕೂಡಲೇ ಮೋಟಾರ್ ಬಂದ್ ಆಗುತ್ತೆ, ಕರೆಂಟೂ ಉಳಿಯುತ್ತೆ. ನನ್ನ ಪ್ರಕಾರ ಮನೆಗೆ ತರಬೇಕಾದ ಮೊದಲ ಉಪಕರಣ ಇದೇ.

ಆಮೇಲೆ ಶೌಚ. ಹಳೇ ಕಾಲದ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ 10 ಲೀಟರ್ ಬಿಡುತ್ತೆ. ಐದು ಜನ, ನಾಲ್ಕು ಸಲ, 200 ಲೀಟರ್. ಊರಿನ 55 ಲೀಟರ್ ಲೆಕ್ಕದಲ್ಲಿ ಇದು ಅಸಾಧ್ಯ. ನೀರು ತುಂಬಿದ ಒಂದೂವರೆ ಲೀಟರಿನ ಬಾಟಲಿಯನ್ನು ಆ ಟ್ಯಾಂಕಿನೊಳಗೆ ನಿಲ್ಲಿಸಿದರೆ ಪ್ರತಿ ಸಲ ಅಷ್ಟು ಉಳಿಯುತ್ತೆ, ದಿನಕ್ಕೆ 30 ಲೀಟರ್. ಹೊಸದಾಗಿ ಕಟ್ಟಿಸುವವರು ಇಳಿಜಾರು ಹೆಚ್ಚಿರುವ ಗ್ರಾಮೀಣ ಪ್ಯಾನ್ ಕೇಳಿ ಪಡೀರಿ. ಅದಕ್ಕೆ ಎರಡು ಲೀಟರಿನ ಚೊಂಬು ಸಾಕು. ಗುತ್ತಿಗೆದಾರರು ಚಪ್ಪಟೆ ಪ್ಯಾನ್ ತಂದು ಕೂಡಿಸಿ ಹೋಗ್ತಾರೆ, ಆಮೇಲೆ ಬಕೆಟ್‌ಗಟ್ಟಲೆ ನೀರು ಹೊರೋರು ಮನೆಯ ಹೆಂಗಸರು.

ಗಾಡಿ ತೊಳೆಯೋದು: ಪೈಪು ಹಿಡಿದು ಕಾಲು ಗಂಟೆ ತೊಳೆದರೆ 150 ಲೀಟರ್ ದಾಟುತ್ತೆ, ಎರಡು ಬಕೆಟ್ಟಿನಲ್ಲಿ ಮುಗಿಸಬಹುದು. ಅಂಗಳ: ಹಿಂದೆ ಥಳಿ ಹೊಡೆಯೋಕೆ ಒಂದು ಬುಟ್ಟಿ ನೀರು ಸಾಕಿತ್ತು. ಈಗ ಅಂಗಳಕ್ಕೆ ಕಾಂಕ್ರೀಟ್ ಬಂದಿದೆ, ಧೂಳು ಕೂರಿಸೋಕೆ ಪೈಪು ಬಂದಿದೆ. ಸೋರುವ ನಳದ ಕೆಳಗೆ ಒಂದು ಗಂಟೆ ಪಾತ್ರೆ ಇಡಿ, ಬಿದ್ದದ್ದನ್ನು 24ರಿಂದ ಗುಣಿಸಿ. ಆ ಸಂಖ್ಯೆ ನೋಡಿದ ಮೇಲೆ ನೀವೇ ವಾಷರ್ ತರೋಕೆ ಅಂಗಡಿಗೆ ಹೋಗ್ತೀರಿ. ಪಾತ್ರೆ ಹರಿಯುವ ನಳದ ಕೆಳಗೆ ತೊಳೆಯದೆ ಮೂರು ಬುಟ್ಟಿಯಲ್ಲಿ ತೊಳೆಯೋ ಪದ್ಧತಿ ನಮ್ಮ ಅಜ್ಜಿಯರದ್ದು, ಅದಕ್ಕೆ ನಾನು ಪಾಠ ಹೇಳಬೇಕಿಲ್ಲ. ಆದರೆ ಮನೆಯ ಗಂಡಸರು ಪಾತ್ರೆ ತೊಳೆಯೋದೇ ಇಲ್ಲ, ನೀರು ಉಳಿಸುವ ಭಾಷಣ ಮಾತ್ರ ಮಾಡ್ತಾರೆ ಅನ್ನೋದನ್ನು ಹೇಳಲೇಬೇಕು.

ಇಲ್ಲಿ ಇನ್ನೊಂದು ಲೆಕ್ಕವೂ ಇದೆ, ಲೀಟರಿನದಲ್ಲ. ನಿಪ್ಪಾಣಿ ಅಂದ್ರೆ ತಂಬಾಕು. 1981ರಲ್ಲಿ ತಂಬಾಕು ಬೆಳೆಗಾರರ ದೊಡ್ಡ ಚಳವಳಿ ನಡೆದ ಊರು. ಅದೇ ತಂಬಾಕಿನಿಂದ ಬೀಡಿ ಕಟ್ಟೋದು ಹೆಂಗಸರು, ಹೆಚ್ಚಿನವರು ಮನೆಯಲ್ಲೇ ಕೂತು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ನಳದ ಮುಂದೆ ಕಾಯುವ ಒಂದು ಗಂಟೆ ಅಂದ್ರೆ ಆ ದಿನದ ಕೂಲಿಯಲ್ಲಿ ಒಂದು ತುಂಡು ಕಡಿತ. ಮೇಲಿನ ಓಣಿಯ ಟಾಕಿ ತುಂಬಿ ಹರಿದ 20 ನಿಮಿಷವನ್ನು ಕೆಳಗಿನ ಓಣಿಯ ಯಾರೋ ಒಬ್ಬಳು ತನ್ನ ದುಡಿಮೆಯಿಂದ ಕಟ್ಟುತ್ತಿರ್ತಾಳೆ. ನೀರಿನ ಬಿಲ್ಲಿನಲ್ಲಿ ಇದು ಬರಲ್ಲ.

ಬಚ್ಚಲ ನೀರಿಗೂ ಮಣ್ಣು ನೋಡಬೇಕು

ಮನೆಗೆ ಬಂದ ನೀರಿನಲ್ಲಿ ಬಹುಪಾಲು ಮತ್ತೆ ಹೊರಗೆ ಹೋಗುತ್ತೆ. ಸ್ನಾನದ್ದು, ಬಟ್ಟೆಯದ್ದು, ಪಾತ್ರೆಯದ್ದು. ಹಿತ್ತಲು ಇದ್ದರೆ ಇದನ್ನು ಬಾಳೆ, ನುಗ್ಗೆ, ತೆಂಗಿನ ಬುಡಕ್ಕೆ ತಿರುಗಿಸೋದು ಅತ್ಯಂತ ಅಗ್ಗದ ಉಪಾಯ. ಸೊಪ್ಪು, ಗಜ್ಜರಿಯಂಥ ಹಸಿಯಾಗಿ ತಿನ್ನುವ ಬೆಳೆಗೆ ಬೇಡ. ನಡುವೆ ಜಲ್ಲಿ, ಮರಳಿನ ಒಂದು ಸಣ್ಣ ಗುಂಡಿ ಮಾಡಿ ಎಣ್ಣೆ, ಅನ್ನದ ಅಗುಳು ತಡೆದರೆ ವಾಸನೆ ಬರಲ್ಲ.

ಹಿತ್ತಲು ಇಲ್ಲದವರಿಗೆ ಬಚ್ಚಲು ಗುಂಡಿ. ನರೇಗಾದಲ್ಲಿ ಇದನ್ನು ಕಟ್ಟಿಸಿಕೊಳ್ಳೋಕೆ ಅವಕಾಶ ಇತ್ತು, ರಾಜ್ಯದಲ್ಲಿ ಅದಕ್ಕೊಂದು ಅಭಿಯಾನವೂ ನಡೆಯಿತು. ಆದರೆ ಒಂದೇ ನಕ್ಷೆಯನ್ನು ಎಲ್ಲ ಊರಿಗೂ ಹಂಚಿದ್ದು ನನಗೆ ಸರಿ ಕಾಣಲ್ಲ. ಎರೆ ಭೂಮಿಯಲ್ಲಿ ನೀರು ಬೇಗ ಇಂಗಲ್ಲ, ಗುಂಡಿ ತುಂಬಿ ಮೇಲೆ ಬರುತ್ತೆ. ಕೃಷ್ಣಾ ದಂಡೆಯ ಕಾಲುವೆ ಪ್ರದೇಶಗಳಲ್ಲಿ, ಉಗಾರದ ಸುತ್ತಮುತ್ತ, ಅತಿ ನೀರಾವರಿಯಿಂದ ನೆಲ ಸವುಳು–ಜವುಳಾಗಿದೆ. ಅಂತರ್ಜಲ ಕಾಲಡಿಯಲ್ಲೇ ಇದೆ. ಅಲ್ಲಿ ಇನ್ನಷ್ಟು ಇಂಗಿಸೋದರಲ್ಲಿ ಅರ್ಥ ಇಲ್ಲ, ಬಚ್ಚಲ ನೀರನ್ನು ಮರಗಳಿಂದ ಕುಡಿಸಬೇಕು. ಅದೇ ಅಥಣಿಯ ತೆಲಸಂಗ ಕಡೆಗೆ ಹೋದರೆ ಬೋರ್‌ವೆಲ್ ಆಳ ಆಳ ಹೋಗ್ತಿದೆ. ಅಲ್ಲಿ ಮಾಳಿಗೆಯ ಮಳೆ ನೀರನ್ನು ಶೋಧಿಸಿ ಬೋರ್ ಪಕ್ಕ ಇಂಗಿಸೋದು ನಿಜಕ್ಕೂ ಕೆಲಸಕ್ಕೆ ಬರುತ್ತೆ. ಬಚ್ಚಲ ನೀರನ್ನು ಮಾತ್ರ ಬೋರಿನ ಹತ್ತಿರ ಬಿಡಬೇಡಿ.

ನೆರೆ ಬಂದಾಗ ಕುಡಿಯೋ ನೀರು

ಹೊಳೆ ದಂಡೆಯ ಊರಿಗೆ ಮಳೆಕೊಯ್ಲು ಯಾಕೆ ಅಂತ ಕೇಳ್ತಾರೆ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯೋಕೆ ಇಲ್ಲ. ಹೊಳೆದಂಡೆಯ ಪಂಪ್‌ಹೌಸ್ ಮುಳುಗಿದರೆ, ಕರೆಂಟ್ ಹೋದರೆ, ಊರಿನ ಟಾಕಿಗೆ ನೀರು ಏರಲ್ಲ. ಏರಿದರೂ ಕೆಸರು. ಆ ಹೊತ್ತಿಗೆ ಶುದ್ಧ ನೀರು ಬೀಳ್ತಾ ಇರೋದು ನಿಮ್ಮ ಮಾಳಿಗೆ ಮೇಲೆ ಮಾತ್ರ.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 60 ಚದರ ಮೀಟರಿನ ಮಾಳಿಗೆ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಹಿಡಿದು, ಶೇ. 20ರಷ್ಟು ಸೋರಿಕೆಗೆ ಬಿಟ್ಟರೆ, 28,800 ಲೀಟರ್ ಸಿಗುತ್ತೆ. ಕುಡಿಯೋಕೆ, ಅಡುಗೆಗೆ ಒಬ್ಬರಿಗೆ 8 ಲೀಟರಿನಂತೆ ಐದು ಜನಕ್ಕೆ ದಿನಕ್ಕೆ 40. ಫೆಬ್ರವರಿಯಿಂದ ಮೇವರೆಗಿನ 120 ದಿನಕ್ಕೆ ಬೇಕಾಗೋದು 4,800 ಲೀಟರ್. ಐದು ಸಾವಿರ ಲೀಟರಿನ ಒಂದೇ ತೊಟ್ಟಿ ಸಾಕು. ಸ್ನಾನ, ಬಟ್ಟೆ ಎಲ್ಲವನ್ನೂ ಮಳೆ ನೀರಲ್ಲಿ ಮಾಡ್ತೀನಿ ಅಂದ್ರೆ ತೊಟ್ಟಿ ದೊಡ್ಡದಾಗುತ್ತೆ, ದುಡ್ಡೂ ಬೇಕು. ಬೆಂಗಳೂರಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಜಲಮಂಡಳಿಯ ಸಂಪರ್ಕವೇ ಇಲ್ಲದೆ 1990ರ ದಶಕದಿಂದ ಮಳೆ ನೀರಲ್ಲೇ ಮನೆ ನಡೆಸಿ ತೋರಿಸಿದ್ದಾರೆ. ಊರಿನ ಮನೆಗೆ ಅಷ್ಟು ದೂರ ಹೋಗೋದು ಬೇಡ, ಬರೀ ಕುಡಿಯೋ ನೀರಿಗೆ ಗುರಿ ಇಟ್ಟರೆ ಸಾಕು.

ವಿಧಾನ ಹೀಗೆ. ಮಳೆಗಾಲದ ಮೊದಲ ಎರಡು–ಮೂರು ಮಳೆ ಹೊರಗೆ ಬಿಡಿ. ಆಮೇಲೂ ಪ್ರತಿ ಮಳೆಯ ಮೊದಲ ಎರಡು ಮಿಲಿಮೀಟರ್, ಅಂದ್ರೆ ಈ ಮಾಳಿಗೆಗೆ ಸುಮಾರು 120 ಲೀಟರ್, ಬೇರೆ ಬ್ಯಾರಲ್ಲಿಗೆ ಹೋಗಲಿ. ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತೆ. ತಂಬಾಕು ವಖಾರಿಯ ಪಕ್ಕದ ಮನೆಯಾದರೆ ಇನ್ನೂ ಹೆಚ್ಚು ಬಿಡಿ. ನಂತರದ್ದು ಜಲ್ಲಿ–ಮರಳಿನ ಸೋಸುಕದ ಮೂಲಕ ತೊಟ್ಟಿಗೆ. ತೊಟ್ಟಿಯೊಳಗೆ ಬೆಳಕು ಹೋಗಬಾರದು, ಹೋದರೆ ಪಾಚಿ. ಎಲ್ಲ ತೂತಿಗೂ ಸೊಳ್ಳೆ ಜಾಲರಿ. ಕುಡಿಯೋ ಮುಂಚೆ ಕಾಯಿಸಿ ಅಥವಾ ಕ್ಲೋರಿನ್ ಹಾಕಿ. ತೊಟ್ಟಿಯ ಬಾಯಿ ನೆರೆ ಮಟ್ಟಕ್ಕಿಂತ ಮೇಲೆ ಇರಬೇಕು. 2019ರ ನೀರಿನ ಗುರುತು ಗೋಡೆ ಮೇಲೆ ಇನ್ನೂ ಇದ್ದರೆ ಅದೇ ನಿಮ್ಮ ಅಳತೆ. ಶೀಟು, ಹೆಂಚು, ಆರ್‌ಸಿಸಿ ಯಾವುದಾದರೂ ನಡೆಯುತ್ತೆ, ಹಳೇ ಸಿಮೆಂಟ್ ಶೀಟಿನ ಸೂರು ಪುಡಿ ಉದುರಿಸುತ್ತಿದ್ದರೆ ಮಾತ್ರ ಕುಡಿಯೋಕೆ ಬೇಡ.

ಇಷ್ಟು ಮಾಡಿದ ಮೇಲೆ ಕಬ್ಬಿನ ಪ್ರಶ್ನೆ ಹಾಗೇ ಇರುತ್ತೆ. ಇರಲೇಬೇಕು. ಹನಿ ನೀರಾವರಿ ಇಲ್ಲದೆ ಹೊಳೆಗೆ ಪಂಪ್ ಇಳಿಸಿ ಕಬ್ಬಿಗೆ ನೀರು ಹಾಯಿಸುವ ಪದ್ಧತಿ, ಅದರ ಸುತ್ತ ಬೆಳೆದ ಕಾರ್ಖಾನೆಗಳು, ಆ ಕಾರ್ಖಾನೆಗಳಿಂದ ಬೆಳೆದ ರಾಜಕಾರಣ, ಇವನ್ನು ಮುಟ್ಟದೆ ಕೃಷ್ಣೆಗೆ ಮೇ ತಿಂಗಳಲ್ಲಿ ನೀರು ಬರಲ್ಲ. ಆದರೆ ರೈತನನ್ನು ಖಳನಾಯಕ ಮಾಡುವ ಆಟಕ್ಕೂ ನಾನು ಬರಲ್ಲ. ಖಾತ್ರಿಯಾಗಿ ಕೊಳ್ಳುವವರು ಇರುವ ಬೆಳೆ ಇಲ್ಲಿ ಕಬ್ಬು, ಹಾಗಾಗಿ ಆತ ಕಬ್ಬು ಹಾಕ್ತಾನೆ. ಅದು ಬೇರೆಯದೇ ಲೇಖನ.

ಈ ವಾರ ಮಾಡಬಹುದಾದದ್ದು ಇನ್ನೂ ಚಿಕ್ಕದು. ಜಲಜೀವನ್ ಮಿಷನ್ನಿನಲ್ಲಿ ಹಲವು ಊರುಗಳಲ್ಲಿ ಮನೆ ನಳಕ್ಕೆ ಮೀಟರ್ ಕೂಡಿಸೋಕೆ ಬಂದಾಗ ಜನ ವಿರೋಧಿಸಿದರು. ಬಿಲ್ಲಿನ ಭಯ, ಅರ್ಥ ಆಗುತ್ತೆ. ಆದರೆ ಊರಿನ ಟಾಕಿಯಿಂದ ಹೊರಡುವ ದೊಡ್ಡ ಪೈಪಿಗೆ ಒಂದು ಮೀಟರ್ ಕೇಳೋದಕ್ಕೆ ಯಾರಿಗೂ ಭಯ ಬೇಕಿಲ್ಲ. ಎಷ್ಟು ನೀರು ಹೊರಟಿತು, ಮನೆಗಳಿಗೆ ಎಷ್ಟು ಮುಟ್ಟಿತು, ನಡುವೆ ಎಷ್ಟು ಮಾಯವಾಯಿತು ಅನ್ನೋದು ಅದರಿಂದ ಗೊತ್ತಾಗುತ್ತೆ. ರಾತ್ರಿ ಎಲ್ಲ ನಳ ಬಂದ್ ಇರುವಾಗಲೂ ಆ ಮೀಟರ್ ತಿರುಗುತ್ತಿದ್ದರೆ ಸೋರಿಕೆ ರಸ್ತೆಯಡಿಯಲ್ಲಿದೆ, ನಿಮ್ಮ ಬಚ್ಚಲಲ್ಲಲ್ಲ.

ಮೀಟರ್ ಬರುವವರೆಗೆ ಮೊಬೈಲಿನ ಸ್ಟಾಪ್‌ವಾಚ್ ಇದೆ. ಮುಂದಿನ ಸಲ ನೀರು ಬಂದಾಗ ಟಾಕಿ ಹತ್ತಿರದ ಮನೆಯಲ್ಲಿ ಒಂದು ಕೊಡ ತುಂಬೋಕೆ ಎಷ್ಟು ಸೆಕೆಂಡ್, ಪೈಪಿನ ಕೊನೇ ಮನೆಯಲ್ಲಿ ಅದೇ ಕೊಡಕ್ಕೆ ಎಷ್ಟು ಅಂತ ಅಳೆದು ಬರೆದಿಡಿ. ಒಂದು ದಿನದ್ದಲ್ಲ, ನಾಲ್ಕೈದು ಸಲದ್ದು, ತಾರೀಖಿನ ಸಮೇತ. ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ಸೇರಲೇಬೇಕು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಅಂತ ಮಾರ್ಗಸೂಚಿಯೇ ಹೇಳುತ್ತೆ. ನಿಮ್ಮ ಊರಿನ ಸಮಿತಿಯಲ್ಲಿ ಯಾರ್ಯಾರು ಇದ್ದಾರೆ ಅಂತ ಪಿಡಿಒ ಹತ್ತಿರ ಪಟ್ಟಿ ಕೇಳಿ, ಆ ಎರಡು ಕೊಡಗಳ ಸೆಕೆಂಡುಗಳನ್ನು ಸಭೆಯ ನಡಾವಳಿಯಲ್ಲಿ ಬರೆಸಿ.